ಬೇನೆ, ಕಡಚ್ಚಿಲ್, ತರಿಪ್ಪ್: ರೋಗಿಯೊಡನೆ ನೋವಿನ ಮಾತು ಆಡುವ ಬಗೆ

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಬೀಡಿ ಕಟ್ಟುವ ಹೆಂಗಸೊಬ್ಬರು ಸೊಂಟನೋವೆಂದು ಬಂದಿದ್ದರು. ಆಗ ನಾನು ಫಿಸಿಯೋಥೆರಪಿಗೆ ಹೊಸಬಳು. ಎಕ್ಸ್‌ರೇ ಬೆಳಕಿಗೆ ಹಿಡಿದು, “ಬೆನ್ನುಮೂಳೆ ಸವೆದಿದೆ ಅಕ್ಕಾ, ಜಾಗ್ರತೆ” ಎಂದೆ. ಎರಡು ವಾರ ಬಿಟ್ಟು ಬಂದಾಗ ಅವರು ಬಾವಿಯಿಂದ ನೀರು ಸೇದುವುದನ್ನು ಬಿಟ್ಟಿದ್ದರು, ಅಂಗಳ ಗುಡಿಸುವುದನ್ನು ಬಿಟ್ಟಿದ್ದರು, ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು. ಸವೆದದ್ದು ಇನ್ನಷ್ಟು ಸವೆದರೆ ಎಂಬ ಭಯ. ನೋವು ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ನಾನು ಕಲಿಸಿದ ಯಾವ ವ್ಯಾಯಾಮಕ್ಕಿಂತಲೂ ನನ್ನ ಬಾಯಿಂದ ಬಿದ್ದ ಆ ಒಂದು ಶಬ್ದವೇ ಅವರ ಮೈಯಲ್ಲಿ ಕೆಲಸ ಮಾಡಿತ್ತು. ಗಡಿನಾಡಿನಲ್ಲಿ ಈ ವೃತ್ತಿಗೆ ಬರುವ ಕಿರಿಯರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನೇ.

ಮೊದಲು ಅವರ ಶಬ್ದ

“ಎಲ್ಲಿ ನೋವು?” ಎಂದು ಕೇಳಿದರೆ ಕೈ ಸೊಂಟಕ್ಕೆ ಹೋಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. “ಶುರುವಾದಲ್ಲಿಂದ ಏನೇನಾಯಿತು, ಹೇಳಿ” ಎನ್ನಿ. ಪೆನ್ನು ಕೆಳಗಿಟ್ಟು ಸುಮ್ಮನೆ ಕೇಳಿ. ನಡುವೆ ಬಾಯಿ ಹಾಕಬೇಡಿ.

ಕಾಸರಗೋಡಿನಲ್ಲಿ ಒಬ್ಬರೇ ರೋಗಿ ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಮಾತನಾಡುವವರಾಗಿರುತ್ತಾರೆ. ನೋವಿನ ಮಾತು ಬರುವುದು ಸಾಮಾನ್ಯವಾಗಿ ಮನೆಯ ಭಾಷೆಯಲ್ಲಿ. ತುಳುವರೂ ಹವ್ಯಕರೂ ‘ಬೇನೆ’ ಎನ್ನುತ್ತಾರೆ. ಮಲಯಾಳಿಗಳ ‘ವೇದನ’ದೊಳಗೆ ಹಲವು ಬಗೆ: ‘ಕಡಚ್ಚಿಲ್’ ಎಂದರೆ ಆಳದಲ್ಲಿ ಹಿಂಡುವ ಸೆಳೆತ, ‘ತರಿಪ್ಪ್’ ಎಂದರೆ ಜೋಮು, ‘ಪುಗಚ್ಚಿಲ್’ ಎಂದರೆ ಉರಿ. ಇವೆಲ್ಲವನ್ನೂ ‘ನೋವು’ ಎಂದು ಒಂದೇ ಶಬ್ದದಲ್ಲಿ ಬರೆದುಕೊಂಡರೆ ತಪಾಸಣೆಯ ಅರ್ಧ ದಾರಿ ತಪ್ಪುತ್ತದೆ. ಉರಿ, ಜೋಮು, ಕರೆಂಟ್ ಹೊಡೆದಂಥ ಅನುಭವ ಇದ್ದರೆ ನರದ ಕಡೆ ನೋಡಬೇಕು. ಸೆಳೆತ, ಹಿಡಿತಗಳ ದಾರಿ ಬೇರೆ. ಅವರಾಡಿದ ಶಬ್ದವನ್ನು ಹಾಗೆಯೇ ಫೈಲಿನಲ್ಲಿ ಬರೆಯಿರಿ, ಮುಂದಿನ ಸಲ ಅದನ್ನೇ ಬಳಸಿ ಕೇಳಿ.

ನೋವು ಎಷ್ಟೆಂದು 0ಯಿಂದ 10ರವರೆಗೆ ಅಂಕ ಹೇಳಿಸುವ ಲೆಕ್ಕ ಇರಲಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬೀಡಿಯ ಗೆರಸೆ ಮಡಿಲಲ್ಲಿಟ್ಟು ಎಷ್ಟು ಹೊತ್ತು ಕುಳಿತುಕೊಳ್ಳಬಲ್ಲಿರಿ? ಅಡಿಕೆ ಸುಲಿಯುವಾಗ ಎಷ್ಟು ಸಲ ಏಳಬೇಕಾಗುತ್ತದೆ? ಈ ಉತ್ತರಗಳು ತಿಂಗಳು ಕಳೆದ ಮೇಲೆ ಹೋಲಿಸಿ ನೋಡಲು ಸಿಗುತ್ತವೆ.

ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳಿ

ಮಲಮೂತ್ರದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ಕುಂದುತ್ತ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಮರದಿಂದ ಬಿದ್ದ ಪೆಟ್ಟು. ಇವುಗಳಲ್ಲಿ ಒಂದಿದ್ದರೂ ಮಾತು ಮುಂದುವರಿಸದೆ ವೈದ್ಯರ ಬಳಿಗೆ ಕಳುಹಿಸಿ.

ನಂಬಿದ್ದೇನೆಂದು ಬಾಯಿಬಿಟ್ಟು ಹೇಳಿ

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ನೋವು ಇಂದ್ರಿಯಕ್ಕೂ ಭಾವನೆಗೂ ಸೇರಿದ ಅನುಭವ. ರೋಗಿ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂಬುದು ಅದರಲ್ಲಿದೆ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ “ನಿಮಗೇನೂ ಇಲ್ಲ” ಎನ್ನುವುದು ನನ್ನ ಮಟ್ಟಿಗೆ ಅವಮಾನ. “ನಿಮ್ಮ ನೋವು ನಿಜ. ಅದು ಯಾಕೆ ಹೋಗುತ್ತಿಲ್ಲ ಎಂದು ಒಟ್ಟಿಗೆ ನೋಡೋಣ” ಎನ್ನಿ.

ಹೆದರಿಸದೆ ವಿವರಿಸಿ

‘ಸವೆದಿದೆ’, ‘ಡಿಸ್ಕ್ ಜಾರಿದೆ’, ‘ಇನ್ನು ಬಗ್ಗಲೇಬೇಡಿ’. ಈ ಮೂರನ್ನೂ ಬಾಯಿಂದ ತೆಗೆದುಹಾಕಿ. ಡಿಸ್ಕ್ ಎಂದರೆ ಬೆನ್ನುಮೂಳೆಯ ತುಂಡುಗಳ ನಡುವಿನ ಮೆತ್ತೆ. ಅದು ಆ ತುಂಡುಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಸಾಬೂನಿನಂತೆ ಜಾರಿ ಹೋಗುವುದಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯೊಂದರಲ್ಲಿ 20ರ ಹರೆಯದವರಲ್ಲಿ ಶೇ 37, 80ರವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತದ ಗುರುತು ಇತ್ತು. “ತಲೆಗೂದಲು ನೆರೆತ ಹಾಗೆ, ಪ್ರಾಯದ ಗುರುತು” ಎಂದರೆ ಅಜ್ಜಿಯಂದಿರಿಗೂ ಅರ್ಥವಾಗುತ್ತದೆ.

ಮೂರು ತಿಂಗಳು ಮೀರಿದ ನೋವನ್ನು ವಿವರಿಸಲು ನಾನು ತೋಟದ ನಾಯಿಯ ಮಾತು ತೆಗೆಯುತ್ತೇನೆ. ಹಂದಿ ನುಗ್ಗಿದ ರಾತ್ರಿ ನಾಯಿ ಬೊಗಳಿದ್ದು ಸರಿ. ಆಮೇಲೆ ಹಂದಿ ಬರದಿದ್ದರೂ ಅಡಿಕೆಯ ಸೋಗೆ ಬಿದ್ದ ಸದ್ದಿಗೂ ಬೊಗಳುತ್ತದೆ. ಬೊಗಳುವುದು ನಿಜ, ಹಂದಿ ಮಾತ್ರ ಇಲ್ಲ. ಪೆಟ್ಟು ಮಾಗಿದ ಮೇಲೂ ನರಮಂಡಲ ಹೀಗೆಯೇ ಎಚ್ಚರವಾಗಿ ಉಳಿದುಬಿಡಬಹುದು. ನಾಯಿಯನ್ನು ಹೊಡೆಯುವುದಲ್ಲ, ಸದ್ದಿಗೆ ಮೆಲ್ಲನೆ ರೂಢಿ ಮಾಡಿಸುವುದು ನಮ್ಮ ಕೆಲಸ. ಆದರೆ ಅವಸರದಲ್ಲಿ “ನೋವು ಮಿದುಳಿನಲ್ಲಿದೆ” ಎಂದುಬಿಡಬೇಡಿ. ಅದು ಅವರ ಕಿವಿಗೆ “ಎಲ್ಲ ನಿಮ್ಮ ಭ್ರಮೆ” ಎಂದೇ ಕೇಳಿಸುತ್ತದೆ.

ಅವರಿಂದಲೇ ಹೇಳಿಸಿ

“ಮನೆಗೆ ಹೋದ ಮೇಲೆ ಮಗ ಕೇಳಿದರೆ ಏನೆಂದು ಹೇಳುತ್ತೀರಿ?” ಎಂದು ಕೇಳಿ. ಅವರ ಉತ್ತರ ತಪ್ಪಿದ್ದರೆ ನಮ್ಮ ವಿವರಣೆ ತಪ್ಪಿದೆ. ಬೇರೆ ಮಾತಿನಲ್ಲಿ ಮತ್ತೆ ಹೇಳಿ. ಜೊತೆಗೆ ಬಂದವರನ್ನೂ ಒಳಗೆ ಕರೆಯಿರಿ. “ಅಮ್ಮ ಏಳಬೇಡ, ನಾನು ಮಾಡುತ್ತೇನೆ” ಎನ್ನುವ ಮಗಳ ಪ್ರೀತಿಯೂ ಕೆಲವೊಮ್ಮೆ ಸೊಂಟವನ್ನು ಬಿಗಿಯಾಗಿಸುತ್ತದೆ.

ಕೊನೆಗೆ ಒಂದೇ ಒಂದು ಕೆಲಸ ಗೊತ್ತುಮಾಡಿಕೊಳ್ಳಿ. ಅದು ಅವರು ಆರಿಸಿದ್ದಾಗಿರಲಿ. ಮರುದಿನ ತುಸು ನೋವು ಹೆಚ್ಚಾದರೆ ನಿಲ್ಲಿಸದೆ ಕಡಿಮೆ ಮಾಡಬೇಕೆಂದು ಮೊದಲೇ ತಿಳಿಸಿ. ಚೀಟಿ ಅವರು ಓದುವ ಲಿಪಿಯಲ್ಲಿರಲಿ. ಮಲಯಾಳದಲ್ಲಿ ಅಚ್ಚಾದ ವ್ಯಾಯಾಮದ ಹಾಳೆಯನ್ನು ಮಡಚಿ ಡಬ್ಬದಲ್ಲಿಟ್ಟುಕೊಂಡ ಕನ್ನಡದ ಹಿರಿಯರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಆ ಬೀಡಿಯ ಅಕ್ಕನ ಬಳಿ ತಪ್ಪೊಪ್ಪಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಏನು ಮಾಡಬೇಕೆನಿಸುತ್ತದೆ ಎಂದು ಕೇಳಿದಾಗ “ನೀರು” ಎಂದರು. ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ: ಅರ್ಧ ಕೊಡಪಾನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.