ಲಿನಕ್ಸ್ ಹಾಕುವ ಮುಂಚೆ ಎರಡು ಪೆನ್ ಡ್ರೈವ್ ಇಟ್ಟುಕೊಳ್ಳಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು ಅಂತ ತಕರಾರು. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರನ್ನು ಮೂಲೆಗೆ ಹಾಕುವ ಬದಲು, ವಿಂಡೋಸ್ ಜಾಗದಲ್ಲಿ ಕೂರುವ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಹಾಕಿ ನೋಡಬಹುದಲ್ವಾ? ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಒಳ್ಳೆಯದು ಅಂತ ವಾರಗಟ್ಟಲೆ ಓದುತ್ತಾ ಕೂರಬೇಡಿ, ಆ ಜಗಳ ಮುಗಿಯುವಂಥದ್ದಲ್ಲ. ಮೊದಲ ಸಲಕ್ಕೆ ಲಿನಕ್ಸ್ ಮಿಂಟ್ ಸಾಕು. ರಾಮ್ 4 ಜಿಬಿ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್ ಆವೃತ್ತಿ.

ಮೊದಲು ಬ್ಯಾಕಪ್. ನಾನು ಮೊದಲ ಸಲ ಫೋಟೋ, ಡಾಕ್ಯುಮೆಂಟ್ ಎಲ್ಲವನ್ನೂ ಪೆನ್ ಡ್ರೈವ್‌ಗೆ ಹಾಕಿಕೊಂಡು, ಆಯ್ತು ಕೆಲಸ ಅಂತ ಬೀಗುತ್ತಾ, ಅದೇ ಪೆನ್ ಡ್ರೈವ್ ಮೇಲೆ ಲಿನಕ್ಸ್ ಬರೆದುಬಿಟ್ಟೆ! ಐಎಸ್‌ಒ (ಲಿನಕ್ಸ್ ಪೂರ್ತಿ ಇರುವ ಇನ್‌ಸ್ಟಾಲ್ ಫೈಲ್) ಬರೆಯುವಾಗ ಪೆನ್ ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಇನ್ನೂ ಮುಟ್ಟಿರಲಿಲ್ಲ, ಬಚಾವಾದೆ. ಅದಕ್ಕೇ ಎರಡು ಬೇಕು ಅಂದಿದ್ದು. ಬ್ರೌಸರಿನ ಬುಕ್‌ಮಾರ್ಕು, ಪಾಸ್‌ವರ್ಡುಗಳನ್ನೂ ಮರೆಯಬೇಡಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಫೈಲ್ ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಇನ್ನು ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಇಳಿಸಿಕೊಂಡು, ಎಚರ್ ಅಥವಾ ರೂಫಸ್ ಅನ್ನುವ ತಂತ್ರಾಂಶ ಬಳಸಿ 8 ಜಿಬಿಯ ಖಾಲಿ ಪೆನ್ ಡ್ರೈವ್‌ಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗಲ್ಲ. ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತುತ್ತಿರಿ, ಒಂದೊಂದು ಕಂಪನಿಯದ್ದು ಒಂದೊಂದು ಕೀ. ಬೂಟ್ ಮೆನುವಿನಲ್ಲಿ ಪೆನ್ ಡ್ರೈವ್ ಆರಿಸಿದರೆ ಮಿಂಟ್ ತೆರೆದುಕೊಳ್ಳುತ್ತದೆ. ಡಿಸ್ಕಿಗೆ ಇನ್ನೂ ಏನೂ ಆಗಿರುವುದಿಲ್ಲ.

ಇಲ್ಲಿ ಅವಸರ ಬೇಡ, ಒಂದು ಸಂಜೆ ಪೂರ್ತಿ ಕೊಡಿ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಮಾತು ಕೇಳುತ್ತದಾ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎದ್ದೇಳುತ್ತದಾ ಅಂತ ಒಂದೊಂದಾಗಿ ನೋಡಿ. ಸ್ವಲ್ಪ ನಿಧಾನ ಅನ್ನಿಸಿದರೆ ಅದು ಪೆನ್ ಡ್ರೈವ್‌ನ ವೇಗ, ಲಿನಕ್ಸಿನದ್ದಲ್ಲ. ಬ್ರಾಡ್‌ಕಾಮ್ ವೈಫೈ ಕಾರ್ಡುಗಳು ಕೆಲವೊಮ್ಮೆ ಕಾಡುತ್ತವೆ. ಆಗ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಎಲ್ಲ ಸರಿಯಿದ್ದರೆ ಇನ್‌ಸ್ಟಾಲ್. ಇನ್‌ಸ್ಟಾಲರ್ ಎರಡು ದಾರಿ ತೋರಿಸುತ್ತದೆ: ವಿಂಡೋಸ್ ಪಕ್ಕದಲ್ಲೇ ಹಾಕುವುದು, ಇಲ್ಲವೇ ಡಿಸ್ಕ್ ಪೂರ್ತಿ ಅಳಿಸಿ ಹಾಕುವುದು. ಮನೆಯಲ್ಲಿ ಇರುವುದು ಅದೊಂದೇ ಕಂಪ್ಯೂಟರಾದರೆ ಕೆಲವು ತಿಂಗಳು ಎರಡೂ ಇರಲಿ ಅಂತೀನಿ ನಾನು. ಹಾಗಿದ್ದರೆ ಮೊದಲೇ ವಿಂಡೋಸ್‌ಗೆ ಹೋಗಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಫ್ ಮಾಡಿ, ವಿಂಡೋಸ್ ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ಪನ್ನೂ ಆಫ್ ಮಾಡಿ. ಡಿಸ್ಕ್ ಎರಡಿದ್ದರೆ ಹೆಸರಿಗಿಂತ ಅಳತೆ ನೋಡಿ ಗುರುತಿಸುವುದು ಸುಲಭ.

ಆಮೇಲಿನದ್ದು ಬೇಗ ಮುಗಿಯುತ್ತದೆ. ಅಪ್‌ಡೇಟ್ ಮಾಡಿ, ಸಿಸ್ಟಂನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಆನ್ ಮಾಡಿ. ಅಪ್‌ಡೇಟ್ ಆಗಿ ಏನಾದರೂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು, ಆದರೆ ಅದು ಸಿಸ್ಟಂಗೆ ಮಾತ್ರ, ನಿಮ್ಮ ಫೋಟೋಗಳಿಗಲ್ಲ. ಕನ್ನಡ ಟೈಪಿಂಗಿಗೆ ಐಬಸ್ (ಭಾಷೆಗಳ ಟೈಪಿಂಗ್ ತಂತ್ರಾಂಶ) ಜೊತೆ ಎಂ17ಎನ್ (ಅದಕ್ಕೆ ಬೇಕಾದ ಕೀಲಿಮಣೆಗಳ ಸಂಗ್ರಹ) ಹಾಕಿಕೊಂಡರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಸಿಗುತ್ತದೆ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಇದೆ. ಫೋಟೋಶಾಪ್ ಮತ್ತು ಕೆಲವು ಆನ್‌ಲೈನ್ ಆಟಗಳು ಮಾತ್ರ ಇಲ್ಲಿ ಓಡಲ್ಲ, ಅವಿಲ್ಲದೆ ಆಗಲ್ಲ ಅನ್ನುವವರು ವಿಂಡೋಸನ್ನು ಅಳಿಸಲೇಬೇಡಿ.