ಅಟ್ಟದ ಮೇಲಿರೋ ಅಜ್ಜನ ಕೋವಿ ಮಾರೋಕೆ ಮುಂಚೆ

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಮನೆಗಳಲ್ಲಿ ಪಾಲು ಆಗುವಾಗ ತೋಟ ಗದ್ದೆ ಪಾತ್ರೆ ಪಗಡಿ ಎಲ್ಲಾ ಮುಗಿದ ಮೇಲೆ ಕೊನೆಗೆ ಬರೋದು ಕೋವಿ ವಿಷಯ. ಒಬ್ಬರು ಅದು ಟಿಪ್ಪು ಕಾಲದ್ದು ಅಂತಾರೆ, ಇನ್ನೊಬ್ಬರು ದೊರೆಗಳು ನಮ್ಮ ಮುತ್ತಜ್ಜನಿಗೆ ಕೊಟ್ಟಿದ್ದು ಅಂತಾರೆ, ಅಷ್ಟರಲ್ಲಿ ಯಾರೋ ಮೊಬೈಲಲ್ಲಿ ಫೋಟೋ ನೋಡಿ ಒಂದು ರೇಟ್ ಹೇಳಿಬಿಡ್ತಾರೆ. ಆ ರೇಟಿಗೆ ತಲೆ ಆಡಿಸೋಕೆ ಮುಂಚೆ ಕೋವಿ ಏನು ಹೇಳುತ್ತೆ ಅಂತ ನೋಡಿ. ನಮ್ಮ ಮನೆ ಜೋಡಿ ನಳಿಗೆಯದನ್ನ ಮತ್ತೆ ನೆಂಟರ ಮನೆಯ ಕೆಲವನ್ನ ಕೂತು ಓದಿದ ಅನುಭವದಿಂದ ಇದನ್ನ ಬರೀತಿದೀನಿ.

ಮೊದಲು ಒಳಗೆ ಮದ್ದು ಇದೆಯಾ ನೋಡ್ಕೊಳ್ಳಿ. ತೋಟಾ (ಕಾರ್ಟ್ರಿಜ್) ಹಾಕೋ ಕೋವಿ ಆದ್ರೆ ನಳಿಗೆ ಬಾಗಿಸಿದ್ರೆ ಗೊತ್ತಾಗುತ್ತೆ, ಆದ್ರೆ ಕೇಪಿನ (ಬಡಿದಾಗ ಕಿಡಿ ಕೊಡೋ ಪುಟ್ಟ ಟೊಪ್ಪಿ) ಕೋವಿಗೆ ಬಾಯಿಂದ ಮದ್ದು ತುಂಬೋದು, ಹಂದಿಗೆ ಅಂತ ತುಂಬಿಟ್ಟು ಹಾಗೇ ಮೂಲೆಗೆ ನಿಲ್ಲಿಸಿರೋದು ಎಷ್ಟೋ ಇರುತ್ತೆ, ಕರಿಮದ್ದು ಒಣಗಿದ್ರೆ ಹತ್ತಾರು ವರ್ಷ ಆದ್ರೂ ಸಿಡಿಯುತ್ತೆ. ಕುದುರೆ, ಅಂದ್ರೆ ಕೇಪಿಗೆ ಬಡಿಯೋ ಸುತ್ತಿಗೆ ಭಾಗ, ಎಳೀಬೇಡಿ. ನಳಿಗೆ ಬಾಯಿ ಮುಖಕ್ಕೆ ಬರದ ಹಾಗೆ ಹಿಡ್ಕೊಂಡು ಒಂದು ಮರದ ಕಡ್ಡಿನ ಮೆಲ್ಲಗೆ ಒಳಗೆ ಬಿಡಿ, ತಳ ಮುಟ್ಟಿದ ಮೇಲೆ ಬಾಯಿ ಹತ್ರ ಕಡ್ಡಿ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆ ಪಕ್ಕಕ್ಕೇ ಇಟ್ಟು ಅಳೆದು ನೋಡಿ. ಗುರುತು ಬಾಯಿಗೆ ಸರಿಯಾಗಿಟ್ಟಾಗ ಕಡ್ಡಿ ತುದಿ ಕೇಪು ಕೂರಿಸೋ ಜಾಗದ ಹತ್ರ ಬರ್ಬೇಕು. ಮೂರ್ನಾಲ್ಕು ಬೆರಳು ಮುಂಚೆನೇ ನಿಂತ್ರೆ ಒಳಗೆ ಏನೋ ಇದೆ ಅಂತ ಅರ್ಥ, ಕೆದಕೋಕೆ ಹೋಗ್ಬೇಡಿ, ಲೈಸೆನ್ಸ್ ಇರೋ ಕೋವಿ ರಿಪೇರಿಯವರನ್ನ ಕರೆಸಿ.

ಇನ್ನೊಂದು ಮಾತು, ದಯವಿಟ್ಟು ಉಜ್ಜಬೇಡಿ. ನಮ್ಮ ಚಿಕ್ಕಪ್ಪ ಒಂದು ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆ) ಹಬ್ಬಕ್ಕೆ ಪೂಜೆಗಿಡೋ ಮುಂಚೆ ಚೆನ್ನಾಗಿ ಕಾಣ್ಲಿ ಅಂತ ಪ್ರೀತಿಯಿಂದಲೇ ಉಪ್ಪುಕಾಗದ ಹಾಕಿ ನಳಿಗೆ ಫಳಫಳ ಮಾಡಿಟ್ಟಿದ್ರು, ಅದರ ಜೊತೆ ಕಂದು ಬಣ್ಣನೂ ಹೋಯ್ತು, ಮೇಲೆ ಕೆತ್ತಿದ್ದ ಅಂಗಡಿ ಹೆಸರಲ್ಲಿ ಅರ್ಧ ಅಕ್ಷರನೂ ಹೋಯ್ತು, ಈಗ ಭೂತಗನ್ನಡಿ ಇಟ್ರೂ ಓದೋಕಾಗಲ್ಲ. ನೂರು ವರ್ಷದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋದ್ರೆ ವಾಪಸ್ ಬರಲ್ಲ, ನನಗೆ ಇವತ್ತಿಗೂ ಸಂಕಟ ಆಗುತ್ತೆ. ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿದ್ರೆ ಸಾಕು, ಮರಕ್ಕೆ ವಾರ್ನಿಶ್ ಬೇಡ.

ಈಗ ಗುರುತು ಓದೋದು, ನಿಜವಾದ ಕೆಲಸ ಇರೋದೇ ಇಲ್ಲಿ. ಜೋಡಿ ನಳಿಗೆ ತೋಟಾ ಕೋವಿ ಆದ್ರೆ ಮುಂದಿನ ಮರ ಬಿಚ್ಚಿ ನಳಿಗೆ ಕಳಚಿ ತಿರುಗಿಸಿ ಹಿಡೀರಿ, ಅಡಿಭಾಗದಲ್ಲಿ ಚಿಕ್ಕ ಚಿಕ್ಕ ಮುದ್ರೆಗಳಿರ್ತವೆ. ಟಾರ್ಚನ್ನ ನೇರ ಹಿಡೀಬೇಡಿ, ಓರೆಯಾಗಿ ಹಿಡೀರಿ, ಸವೆದ ಅಕ್ಷರಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿ ಬೆರಳಲ್ಲಿ ಒರೆಸಿದ್ರೆ ಗೆರೆ ಒಳಗೆ ಬೆಳ್ಳಗೆ ಕೂತು ಎದ್ದು ಕಾಣುತ್ತೆ. ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೆ ಕಿರೀಟ ಇದ್ರೆ ಅದು ನಳಿಗೆ ಪರೀಕ್ಷೆ ಮಾಡಿ ಮುದ್ರೆ ಒತ್ತೋ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿಂದು, 1813ರಲ್ಲಿ ಶುರುವಾಗಿದ್ದು, ಆ ಮುದ್ರೆ 1904ರವರೆಗೆ ನಡೀತು, ಆಮೇಲೆ ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಅಕ್ಷರ ಬಂತು. ಡೈಮಂಡ್ ಆಕಾರದೊಳಗೆ 12 ಮತ್ತೆ ಸಿ ಇದ್ರೆ 1887 ಅಥವಾ ಆಮೇಲಿಂದು. ಇಂಗ್ಲಿಷಲ್ಲಿ ನಾಟ್ ಫಾರ್ ಬಾಲ್ ಅಂತ ಹೊಡೆದಿದ್ರೆ ಬಾಯಿ ಕಿರಿದು ಮಾಡಿದ ನಳಿಗೆ, 1875ರಿಂದ 1887ರ ಒಳಗಿಂದು. ಅಂಡಾಕಾರದೊಳಗೆ ಇಎಲ್‌ಜಿ ಇದ್ರೆ ಬೆಲ್ಜಿಯಂನ ಲಿಯೇಜ್. ಎಷ್ಟೋ ಮನೆಯಲ್ಲಿ ವಿಲಾಯ್ತಿ ಕೋವಿ ಅಂತ ಹೇಳ್ಕೊಂಡು ಬಂದಿದ್ದು ಬೆಲ್ಜಿಯಂದು ಅಂತ ಈ ಮೂರಕ್ಷರದಲ್ಲೇ ತಿಳಿಯುತ್ತೆ.

ಮೇಲೆ ಮ್ಯಾಂಟನ್ ಕಲ್ಕತ್ತಾ, ರೋಡಾ ಕಲ್ಕತ್ತಾ ಅಂತ ಇದ್ರೆ ಅದು ಮಾರಿದ ಅಂಗಡಿ ಹೆಸರೂ ಆಗಿರ್ಬಹುದು, ಮಾಡಿದ್ದು ಬೇರೆ ಕಡೆ ಇರ್ಬಹುದು, ಅದಕ್ಕೇ ಅಡಿ ಮುದ್ರೆ ಮುಖ್ಯ. ನಂಬರ್ ನಳಿಗೆ ಮೇಲೆ, ಕಬ್ಬಿಣದ ಬಾಡಿ ಮೇಲೆ, ಮುಂದಿನ ಮರದ ಕಬ್ಬಿಣದ ಮೇಲೆ ಮೂರೂ ಕಡೆ ಒಂದೇ ಇದ್ರೆ ತುಂಬಾ ಒಳ್ಳೇದು, ಒಂದು ಬೇರೆ ಇದ್ರೆ ಯಾವಾಗಲೋ ಭಾಗ ಬದಲಾಗಿದೆ, ಬೆಲೆ ಇಳಿಯುತ್ತೆ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ತರದ ದೊಡ್ಡ ಕೋವಿ ಕಂಪನಿ ಹೆಸರಾದ್ರೆ ಅವರ ಹಳೇ ಲೆಡ್ಜರ್ ಇದಾವೆ, ಸೀರಿಯಲ್ ನಂಬರ್ ಕಳಿಸಿ ದುಡ್ಡು ಕಟ್ಟಿದ್ರೆ ಯಾವಾಗ ಮಾಡಿದ್ದು ಯಾರಿಗೆ ಮಾರಿದ್ದು ಅಂತ ಲೆಟರ್ ತರಿಸ್ಕೊಬಹುದು, ಹತ್ತು ಜನರ ಬಾಯಿಮಾತಿಗಿಂತ ಆ ಒಂದು ಲೆಟರ್ ತೂಕ. ನಳಿಗೆ ಮೇಲೆ ನೀರಿನ ಅಲೆ ತರ ಗೆರೆ ಇದ್ರೆ ಡಮಾಸ್ಕಸ್, ಕಬ್ಬಿಣ ಉಕ್ಕು ಪಟ್ಟಿ ಸುತ್ತಿ ಬೆಸೆದಿದ್ದು. ಅಲೆ ಮೇಲೆ ಮಾತ್ರ ಇದ್ದು ಮರದ ಅಡಿಗೆ ಮುಚ್ಚಿಹೋಗೋ ಜಾಗದಲ್ಲಿ ಇಲ್ಲ ಅಂದ್ರೆ ಅಚ್ಚು ಒತ್ತಿದ್ದಿರ್ಬಹುದು. ಅಸಲಿ ಡಮಾಸ್ಕಸ್ ಆದ್ರೂ ಈಗಿನ ತೋಟಾ ಹಾಕಿ ಹೊಡೆದು ತೋರಿಸೋಕೆ ಹೋಗ್ಬೇಡಿ, ನಳಿಗೆ ಒಡೆಯಬಹುದು.

ಇನ್ನು ಟಿಪ್ಪು ವಿಷಯ. ಶ್ರೀರಂಗಪಟ್ಟಣದ ಅಸಲಿ ಕೋವಿಗಳಲ್ಲಿ ಹುಲಿ ಪಟ್ಟೆ ಗುರುತು, ಹುಲಿ ಆಕಾರದ ಕುದುರೆ, ಬೆಳ್ಳಿ ಕೆಲಸ, ಪರ್ಷಿಯನ್ ಬರಹ ಸಾಮಾನ್ಯವಾಗಿ ಇರುತ್ತೆ, ಇಸವಿ ಟಿಪ್ಪು ತಂದ ಮೌಲೂದಿ ಅನ್ನೋ ವರ್ಷದ ಲೆಕ್ಕದಲ್ಲಿ, ಅಂಕಿ ಬಲದಿಂದ ಎಡಕ್ಕೆ. ಇಂಗ್ಲಿಷ್ ಅಂಕಿಯಲ್ಲಿ 1799 ಅಂತ ಕೆತ್ತಿದ್ರೆ ನಾನಂತೂ ನಂಬಲ್ಲ. 2019ರಲ್ಲಿ ಇಂಗ್ಲೆಂಡಲ್ಲಿ ಒಂದು ಮನೆ ಅಟ್ಟದಲ್ಲಿ ಸಿಕ್ಕಿದ ಟಿಪ್ಪು ಕೋವಿ 60,000 ಪೌಂಡಿಗೆ ಹೋಯ್ತು ಅನ್ನೋ ಸುದ್ದಿ ಹಿಡ್ಕೊಂಡು ಲೆಕ್ಕ ಹಾಕೋರು ಬಹಳ ಜನ, ಆದ್ರೆ ಅದು ಮೊದಲೇ ಅಲ್ಲಿದ್ದ ಕೋವಿ. ನಮ್ಮಲ್ಲಿ 100 ವರ್ಷ ದಾಟಿದ ಪ್ರಾಚೀನ ವಸ್ತುನ 1972ರ ಕಾಯ್ದೆ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಅದಕ್ಕೇ ಲಂಡನ್ ಹರಾಜಿನ ಬೆಲೆ ನಿಮ್ಮ ಬೆಲೆ ಅಲ್ಲ. ಶೋಕೇಸಿಗೆ ಅಂತ ಇತ್ತೀಚೆಗೆ ಮಾಡಿದ ಕೋವಿಗಳೂ ಇದಾವೆ, ಎಷ್ಟೋದಕ್ಕೆ ಕಿಡಿ ಒಳಗೆ ಹೋಗೋ ಕಿವಿ ತೂತೇ ಕೊರೆದಿರಲ್ಲ, ಸ್ಕ್ರೂ ಬಿಚ್ಚಿದ್ರೆ ಅದರ ಸುರುಳಿ ಗೆರೆ (ಮರೆ) ಹೊಸದಾಗಿ ಕಾಣುತ್ತೆ.

ಬೆಲೆ ಕಟ್ಟಿಸುವಾಗ ಕೊಳ್ಳೋಕೆ ಬಂದವರ ಹತ್ರನೇ ಕಟ್ಟಿಸ್ಬೇಡಿ. ಇಂತಿಷ್ಟು ಫೀಸ್ ಅಂತ ಮಾತಾಡ್ಕೊಂಡು ಬರೆದು ಕೊಡೋರ ಹತ್ರ ಹೋಗಿ, ಪರ್ಸೆಂಟೇಜ್ ಕೇಳೋರು ಬೇಡ, ಇಬ್ಬರ ಹತ್ರ ಬರೆಸಿದ್ರೆ ಇನ್ನೂ ಒಳ್ಳೇದು. ಮನೆಯಲ್ಲಿರೋ ಹಳೇ ಲೈಸೆನ್ಸ್ ಪುಸ್ತಕ, ಕೊಂಡ ಬಿಲ್ಲು, ಅಜ್ಜ ಕೋವಿ ಹಿಡ್ಕೊಂಡ ಫೋಟೋ, ಮಿಲಿಟರಿ ಕಾಗದ ಎಲ್ಲಾ ಒಟ್ಟು ಮಾಡಿ ಕೊಡಿ, ಕಥೆಗೆ ಬೆಲೆ ಬರೋದು ಕಾಗದ ಜೊತೆಗಿದ್ರೆ ಮಾತ್ರ.

ಕಾನೂನು ನೋಡದೆ ಮನೆಯಿಂದ ಹೊರಗೆ ತಗೊಂಡು ಹೋಗ್ಬೇಡಿ. ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 1861ರಿಂದ ಬಂದ ಲೈಸೆನ್ಸ್ ವಿನಾಯಿತಿ ಇದೆ, ಈಗಿಂದು 2029ರವರೆಗೆ, ಆದ್ರೆ ಅದು ಇಟ್ಕೊಳ್ಳೋಕೆ, ಕೊಳ್ಳೋರಿಗೆ ಅದರಿಂದ ಹಕ್ಕು ಬರಲ್ಲ. ಲೈಸೆನ್ಸ್ ಇದ್ದವರು ತೀರಿಹೋಗಿ ಯಾರ ಹೆಸರಿಗೂ ಆಗದೆ ಇದ್ರೆ ಮೊದಲು ಠಾಣೆಗೋ ಲೈಸೆನ್ಸ್ ಇರೋ ಡೀಲರ್ ಹತ್ರಕ್ಕೋ ಜಮಾ ಮಾಡಿ ರಸೀದಿ ತಗೊಳ್ಳಿ. ರಿಪೇರಿ ಮಾಡಿದ್ರೂ ಸಿಡಿಯದ ಹಳೇ ಆಯುಧಕ್ಕೆ 1959ರ ಆರ್ಮ್ಸ್ ಕಾಯ್ದೆಯ 45ನೇ ಸೆಕ್ಷನ್ನಲ್ಲಿ ರಿಯಾಯ್ತಿ ಇದೆ, ಆದ್ರೆ ನಮ್ಮದು ಸಿಡಿಯಲ್ಲ ಅಂತ ನಾವೇ ತೀರ್ಮಾನ ಮಾಡ್ಕೊಂಡ್ರೆ ಸಾಲದು, ಬರಹದಲ್ಲಿ ಬೇಕು. ಖಾಸಗಿಯಾಗಿ ಮಾರೋದಾದ್ರೆ ಡಿಸಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸ್ಬೇಕು, ತಿಳಿಸಿ 45 ದಿನ ಕಳೀಬೇಕು. ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು ತಾರೀಕು ಹಾಕಿಸ್ಕೊಳ್ಳಿ, ಕೊಳ್ಳೋರ ಲೈಸೆನ್ಸ್ ಅಸಲು ಕಣ್ಣಾರೆ ನೋಡಿ ಪ್ರತಿ ಇಟ್ಕೊಳ್ಳಿ, ಅಡಿ ಮುದ್ರೆ ಮತ್ತೆ ನಂಬರಿನ ಫೋಟೋ ತೆಗೆದಿಟ್ಕೊಂಡ ಮೇಲೇ ಕೋವಿ ಕೈಗೆ ಕೊಡಿ.