ಬೆಂಚು ತೋರಿಸುವವನ ಅನುಭವ

ಭಾನುವಾರದ ಪೂಜೆಗೆ ಬರುವವರಿಗೆ ಕೂರುವ ಜಾಗ ತೋರಿಸುವುದು ನನ್ನ ಪಾಲಿನ ಸೇವೆ. ವಿರಾಜಪೇಟೆ ತಾಲ್ಲೂಕಿನ ನಮ್ಮ ಸಣ್ಣ ಚರ್ಚಿನ ಸುತ್ತ ಕಾಫಿ ತೋಟಗಳೇ. ತೋಟದ ಸಾಹುಕಾರರೂ ಬರುತ್ತಾರೆ, ಲೆಕ್ಕ ಬರೆಯುವ ರೈಟರೂ ಬರುತ್ತಾರೆ, ಕೂಲಿಯವರು ಇರುವ ಲೈನ್ ಮನೆಯವರೂ ಬರುತ್ತಾರೆ.

ಬೈಬಲಿನ ಯಾಕೋಬನ ಪತ್ರದ ಎರಡನೆಯ ಅಧ್ಯಾಯ ನನ್ನಂಥವರಿಗೇ ಬರೆದಂತಿದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ ಕಾಲ ಬಳಿ ಜಾಗ. ಯಾಕೋಬ ಪಕ್ಷಪಾತವನ್ನು ಮೊದಲು ಹಿಡಿಯುವುದು ಕೂರಿಸುವ ರೀತಿಯಲ್ಲಿ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಮನಸ್ಸು ತಿದ್ದುವುದು ಫಾದರ್ ಪಾಲಿಗಿರಲಿ.

ಕುಯ್ಲಿನ ಕಾಲದಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕೆಲಸಗಾರರು ಹೆಚ್ಚು. ಕಾಫಿ ಹಣ್ಣಿನ ಅಂಟು ಹತ್ತಿ ಕಪ್ಪಾದ ಬೆರಳು ಸೋಪಿಗೆ ಬಗ್ಗುವುದಿಲ್ಲ. ಒಗೆದ ಅಂಗಿ ತೊಟ್ಟು ಬಂದರೂ ಅವರು ಕೈ ಹಿಂದೆ ಕಟ್ಟಿಕೊಂಡು ಜಗಲಿಯಲ್ಲೇ ನಿಲ್ಲುತ್ತಿದ್ದರು. ‘ಒಳಗೆ ಬನ್ನಿ’ ಎಂದರೆ ಕೊನೆಯ ಬೆಂಚಿನ ತುದಿಯವರೆಗೆ ಬಂದಾರು, ಅಷ್ಟೇ. ಹಾಗಾಗಿ ಫಾದರ್ ಒಪ್ಪಿಗೆ ಪಡೆದು, ಬಂದವರನ್ನು ಬಂದ ಹಾಗೆ ಮುಂದಿನಿಂದ ತುಂಬಿಸತೊಡಗಿದೆ. ಯಾರಿಗೂ ಕಾಯ್ದಿಟ್ಟ ಬೆಂಚಿಲ್ಲ. ವಯಸ್ಸಾದವರಿಗೆ, ಕೈಗೂಸಿನವರಿಗೆ ಮಾತ್ರ ವಿನಾಯಿತಿ. ಜೊತೆಗೆ ಹೋಗಿ ಕೂರಿಸಬೇಕು, ಬೆರಳು ತೋರಿಸಿದರೆ ಸಾಲದು. ಹೊಸಬರನ್ನು ‘ಯಾವ ತೋಟ?’ ಎಂದು ಕೇಳುವುದನ್ನೂ ಬಿಟ್ಟೆ. ಆ ಪ್ರಶ್ನೆಗೆ ಸಿಗುವ ಉತ್ತರ ಸಾಹುಕಾರರ ಹೆಸರು. ನನಗೆ ಬೇಕಾದದ್ದು ಎದುರಿಗಿರುವವರ ಹೆಸರು.

ಒಮ್ಮೆ ಹಣೆಯ ಮೇಲೆ ಹಚ್ಚೆಯಿದ್ದ ಅಜ್ಜಿಯೊಬ್ಬರನ್ನು ಎರಡನೆಯ ಬೆಂಚಿನಲ್ಲಿ ಕೂರಿಸಿದೆ. ಹಿಂದಿನಿಂದ ಒಬ್ಬರು ನನ್ನ ತೋಳು ಜಗ್ಗಿ, ‘ಇವರು ನಮ್ಮವರೇ?’ ಎಂದು ಪಿಸುಗುಟ್ಟಿದರು. ಪೂಜೆಯ ನಂತರ ಅಜ್ಜಿಯ ಮೊಮ್ಮಗನನ್ನು ವಿಚಾರಿಸಿದರೆ, ಊರು ರಾಂಚಿಯ ಆಚೆ ತೋರ್ಪಾ. ಬೆಲ್ಜಿಯಂನಿಂದ ಬಂದ ಯೇಸುಸಭೆಯ ಫಾದರ್ ಲೀವೆನ್ಸ್ 1885ರಲ್ಲಿ ಮುಂಡಾ, ಉರಾಂವ್ ಜನರ ನಡುವೆ ಕೆಲಸಕ್ಕಿಳಿದ ಸೀಮೆ ಅದು. ಅಜ್ಜಿಯ ಮನೆಯಲ್ಲಿ ಮುತ್ತಜ್ಜನ ಕಾಲದಿಂದಲೂ ಜಪಮಾಲೆ ಇದೆಯಂತೆ.

ತೋಳು ಜಗ್ಗಿದವರಿಗೆ ಅದನ್ನು ಹೇಳಿದೆ. ಅವರು ವಿರಾಜಪೇಟೆಯ ಹಳೆಯ ಮನೆತನದವರು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟದ್ದನ್ನೂ, 1792ರಲ್ಲಿ ಸಂತ ಅನ್ನಮ್ಮನವರ ಚರ್ಚು ಆರಂಭವಾದದ್ದನ್ನೂ ನಮಗೆಲ್ಲ ಹೇಳುವವರೇ ಅವರು. ‘ಆ ದಿನ ನಿಮ್ಮ ಹಿರಿಯರೇನು ಜರಿ ಪಂಚೆಯಲ್ಲಿ ಬಂದಿದ್ದರೇ?’ ಎಂದೆ. ನಕ್ಕರು. ಮುಂದಿನ ವಾರ ಅಜ್ಜಿಗೆ ಅವರೇ ಸರಿದು ಜಾಗ ಕೊಟ್ಟರು.

ಎಲ್ಲರೂ ನಗಲಿಲ್ಲ. ತಲೆಮಾರುಗಳಿಂದ ಮೊದಲ ಬೆಂಚಿನಲ್ಲಿ ಕೂತ ಕುಟುಂಬವೊಂದು ಕೆಲವು ವಾರ ಬೇರೆ ಚರ್ಚಿಗೆ ಹೋಯಿತು. ನಾನು ಕರೆಯಲು ಹೋಗಲಿಲ್ಲ. ಈಗ ಬರುತ್ತಾರೆ, ಬೇಗನೇ ಬರುತ್ತಾರೆ. ಮೊದಲ ಬೆಂಚು ಬೇಕೆಂದರೆ ಬೇರೆ ದಾರಿಯಿಲ್ಲವಲ್ಲ!

ಅಂಗಳದ ವಿಷಯ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಪೂಜೆ ಮುಗಿದ ಕೂಡಲೇ ಜೀಪಿನ ಬಳಿ ಒಂದು ಗುಂಪು, ಗೇಟಿನ ಬಳಿ ಇನ್ನೊಂದು. ಸದ್ಯಕ್ಕೆ ಕಾಫಿಯ ಮೇಜನ್ನು ಎರಡರ ನಡುವೆ ಇಡಿಸಿದ್ದೇನೆ.